ಮಗು, ಅಜ್ಜಿ ಮತ್ತು 600 ಕಿಲೋಮೀಟರ್ ದಾರಿ

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ತಿರುಳಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ. ಏಳು ತಿಂಗಳ ಮಗು. ನೀವು, ನಿಮ್ಮ ಗಂಡ, ಅತ್ತೆ, ಮಾವ, ಗಂಡನ 81 ವರ್ಷದ ಅಜ್ಜಿ. ಏಳು ಸೀಟಿನ ಗಾಡಿ, 600 ಕಿಲೋಮೀಟರ್ ದಾರಿ. ರಾತ್ರಿ ಹೊರಟರೆ ಮಗು ಮಲಗಿರುತ್ತದೆ, ಬೆಳಗ್ಗೆ ಅಲ್ಲಿರುತ್ತೇವೆ ಅನ್ನೋದು ಗಂಡನ ಲೆಕ್ಕ. "ಮಗುಗೆ ಬೇರೆ ಸೀಟು ಯಾಕೆ, ನನ್ನ ತೊಡೆ ಇಲ್ವಾ" ಅನ್ನೋದು ಅಜ್ಜಿಯ ಮಾತು. ಮಾವ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅತ್ತೆ ಸುಮ್ನಿದ್ದಾರೆ. ಕೊನೆಗೆ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನಾನು ಅತಿಯಾಗಿ ಹೆದರುತ್ತಿದ್ದೇನಾ? ಅಜ್ಜಿಯನ್ನು ಬಿಟ್ಟು ಹೋದರೆ ಸುಲಭ ಆಗುತ್ತಾ?

ಮೊದಲ ಪ್ರಶ್ನೆಗೆ ಉತ್ತರ, ಇಲ್ಲ. ನೀವು ಹೆದರಿರುವ ವಿಷಯಗಳೆಲ್ಲ ಹೆದರಬೇಕಾದವೇ. ಆದರೆ ಹೋಗುವುದನ್ನು ಬಿಡಬೇಡಿ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ.

ತೊಡೆಯ ವಿಷಯ ಮೊದಲು, ಏಕೆಂದರೆ ಇದರಲ್ಲಿ ಮಾತ್ರ ರಾಜಿ ಇಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಎಲ್ಲಾದರೂ ಗುದ್ದಿ ನಿಂತರೆ, ಅದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದಷ್ಟು ಪೆಟ್ಟು. ಆ ಕ್ಷಣದಲ್ಲಿ ಎಂಟು ಕಿಲೋ ಮಗುವಿನ ಎಳೆತ ನೂರು ಕಿಲೋ ದಾಟುತ್ತದೆ. ಅಜ್ಜಿಯ ಕೈ ಬಿಡಿ, ಪೈಲ್ವಾನನ ಕೈಯೂ ಹಿಡಿಯಲಾರದು. ಕೆಲವರು ತಮ್ಮ ಸೀಟ್ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟಿಕೊಳ್ಳುತ್ತಾರೆ. ಅದು ಇನ್ನೂ ಕೆಟ್ಟದ್ದು, ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ ಬಿದ್ದು ಬೆಲ್ಟಿಗೆ ಒತ್ತುತ್ತದೆ.

ಹಾಗಾಗಿ ಮಗುವಿಗೆ ಅದರದ್ದೇ ಸೀಟು ಬೇಕು. ಮಧ್ಯದ ಸಾಲಿನಲ್ಲಿ, ಮಗುವಿನ ಮುಖ ಗಾಡಿಯ ಹಿಂಬದಿಗೆ ಇರುವ ಹಾಗೆ. ಈ ವಯಸ್ಸಿನಲ್ಲಿ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರ ಜಾಸ್ತಿ, ಕುತ್ತಿಗೆ ಇನ್ನೂ ಎಳೆಯದು. ಮುಖ ಹಿಂದಕ್ಕಿದ್ದರೆ ಪೆಟ್ಟನ್ನು ಸೀಟಿನ ಬೆನ್ನು ಪೂರ್ತಿ ತೆಗೆದುಕೊಳ್ಳುತ್ತದೆ, ಕುತ್ತಿಗೆ ಉಳಿಯುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇದನ್ನು ಇಡಲೇಬಾರದು. ಸೀಟನ್ನು ಕಟ್ಟಿದ ಮೇಲೆ, ಬೆಲ್ಟ್ ಹಾದು ಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿ, ಒಂದು ಇಂಚಿಗಿಂತ ಜಾಸ್ತಿ ಆಡಬಾರದು. ಮಗುವಿನ ಭುಜದ ಹತ್ತಿರ ಪಟ್ಟಿಯನ್ನು ಬೆರಳಲ್ಲಿ ಚಿವುಟಲು ನೋಡಿ. ಚಿವುಟಲು ಸಿಕ್ಕಿದರೆ ಸಡಿಲ ಇದೆ ಅಂತ ಅರ್ಥ. ದಪ್ಪ ಸ್ವೆಟರ್ ಹಾಕಿ ಪಟ್ಟಿ ಬಿಗಿಯಬೇಡಿ, ಬಿಗಿದ ಹಾಗೆ ಕಾಣುತ್ತದೆ, ಆದರೆ ಒಳಗೆ ಜಾಗ ಉಳಿದಿರುತ್ತದೆ. ಚಳಿಯಾದರೆ ಪಟ್ಟಿ ಹಾಕಿದ ಮೇಲೆ ಕಾಲ ಮೇಲೆ ಹೊದಿಸಿ.

ಇದನ್ನೆಲ್ಲ ಅಜ್ಜಿಗೆ ಹೇಗೆ ಹೇಳುವುದು? ವಾದ ಮಾಡಬೇಡಿ. "ನಮ್ಮ ಮಕ್ಕಳು ತೊಡೆ ಮೇಲೇ ಬೆಳೆದವು" ಅಂತ ಅವರು ಹೇಳುವುದು ನಿಜವೇ, ಅದನ್ನು ಅಲ್ಲಗಳೆಯುವ ಅಗತ್ಯ ಇಲ್ಲ. ಆಗಿನ ಗಾಡಿಗಳ ವೇಗ ಬೇರೆ, ಈಗಿನದು ಬೇರೆ ಅಂದರೆ ಸಾಕು. ಮತ್ತೆ ಅವರಿಗೆ ಒಂದು ಕೆಲಸ ಕೊಡಿ. ನಮ್ಮ ಮನೆಯಲ್ಲಿ ನನ್ನ ತಾಯಿಯೂ ಇದೇ ಮಾತು ಹೇಳಿದ್ದರು. ಹೊರಡುವ ಎರಡು ದಿನ ಮೊದಲು ಅವರನ್ನು ಗಾಡಿ ಹತ್ತಿರ ಕರೆದುಕೊಂಡು ಹೋಗಿ, ಬಕಲ್ ಹಾಕುವುದನ್ನು ತೋರಿಸಿ, "ಅಮ್ಮಾ, ಪ್ರತಿ ಸಲ ಇದನ್ನು ನೀನೇ ನೋಡಬೇಕು" ಅಂದೆ. ಆಮೇಲೆ ಅವರು "ಟಕ್" ಅಂತ ಸದ್ದು ಕೇಳದೆ ಯಾರಿಗೂ ಗಾಡಿ ಹೊರಡಿಸಲು ಬಿಡುತ್ತಿರಲಿಲ್ಲ.

ಅದೇ ಪ್ರಯಾಣದಲ್ಲಿ ಇನ್ನೊಂದು ನಡೆಯಿತು, ಅದನ್ನು ಹೇಳಲೇಬೇಕು. ಮಗಳಿಗೆ ಆಗ ಒಂಬತ್ತು ತಿಂಗಳು, ನಮ್ಮ ಗಮನ ಎಲ್ಲ ಅವಳ ಮೇಲೆ. ಅಮ್ಮ ದಾರಿಯುದ್ದಕ್ಕೂ ನೀರು ಕುಡಿದಿರಲಿಲ್ಲ, ನಾವ್ಯಾರೂ ನೋಡಲಿಲ್ಲ. ಮಧ್ಯಾಹ್ನ ಇಳಿಯುವಾಗ ತಲೆ ಸುತ್ತಿ ಬಾಗಿಲು ಹಿಡಿದು ನಿಂತರು. ಕೇಳಿದರೆ, "ನೀರು ಕುಡಿದರೆ ನನಗೋಸ್ಕರ ಗಾಡಿ ನಿಲ್ಲಿಸಬೇಕಲ್ಲ, ನಿಮಗ್ಯಾಕೆ ತೊಂದರೆ" ಅಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಆವತ್ತು ತಿಳಿದದ್ದನ್ನೇ ನಿಮಗೆ ಹೇಳಬೇಕು ಅಂತ ಇಷ್ಟು ಬರೆಯುತ್ತಿದ್ದೇನೆ. ಪ್ರಯಾಣದಲ್ಲಿ ಮಗುವಿಗೆ ಏನು ಬೇಕೋ ಅಜ್ಜಿಗೂ ಅದೇ ಬೇಕು. ಮಗುವನ್ನು ಆ ಸೀಟಿನಲ್ಲಿ ಒಂದೇ ಸಮನೆ ಎರಡು ಗಂಟೆಗಿಂತ ಜಾಸ್ತಿ ಕೂರಿಸಬಾರದು ಅನ್ನುತ್ತಾರೆ, ಮೈ ಮುದುಡಿ ಕೂತಿರುತ್ತದೆ, ನಿದ್ದೆಯಲ್ಲಿ ತಲೆ ಮುಂದಕ್ಕೆ ಬಾಗಿದರೆ ಉಸಿರಿಗೂ ಕಷ್ಟ. ವಯಸ್ಸಾದವರು ನಾಲ್ಕು ಗಂಟೆಗೂ ಮೀರಿ ಕಾಲು ಆಡಿಸದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ, ಶೌಚಾಲಯ ಬೇಕಾಗುತ್ತದೆ, ಬೇಕು ಅಂತ ಬಾಯಿ ಬಿಡುವುದಿಲ್ಲ. ಮಾವನಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು. ಅವಸರ ಇರುವುದು ಮಧ್ಯದವರಾದ ನಿಮಗೆ ಮತ್ತು ನಿಮ್ಮ ಗಂಡನಿಗೆ ಮಾತ್ರ, ಅಲ್ವಾ? ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಲಿ. ಯಾರೂ ಕೇಳದಿದ್ದರೂ, ಮಗು ಮಲಗಿದ್ದರೂ. ಎಲ್ಲರ ಎದುರು "ಮಗುಗೋಸ್ಕರ ನಿಲ್ಲಿಸುತ್ತೇವೆ" ಅಂತ ಹೊರಡುವ ಮೊದಲೇ ಹೇಳಿಬಿಡಿ. ಆಗ ಅಜ್ಜಿ ನೆಮ್ಮದಿಯಾಗಿ ನೀರು ಕುಡಿಯುತ್ತಾರೆ.

ಈಗ ಗಂಡನ ಲೆಕ್ಕ. ಸರಾಸರಿ ಗಂಟೆಗೆ 60 ಕಿಲೋಮೀಟರ್ ಅಂದುಕೊಂಡರೂ ಗಾಡಿ ಓಡುವುದೇ 10 ಗಂಟೆ. ನಾಲ್ಕು ಕಡೆ ಅರ್ಧರ್ಧ ಗಂಟೆ, ಊಟಕ್ಕೆ ಇನ್ನೊಂದು ಗಂಟೆ ಸೇರಿಸಿದರೆ 13 ಆಯಿತು, ಅದೂ ಎಲ್ಲ ಸರಿಹೋದರೆ. ಒಬ್ಬರೇ ಓಡಿಸುತ್ತಾರೆ ಅಂತ ಬೇರೆ ಬರೆದಿದ್ದೀರಿ. ರಾತ್ರಿ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಮಗು ಮಲಗುತ್ತದೆ, ನಿಜ. ಆದರೆ ನಡುರಾತ್ರಿ ದಾಟಿ ಬೆಳಗಿನ ಜಾವದ ತನಕ ಓಡಿಸುವವರ ಮೈಯೂ ನಿದ್ದೆಯನ್ನೇ ಕೇಳುತ್ತಿರುತ್ತದೆ, ಕಿಟಕಿ ತೆರೆದರೂ ಹಾಡು ಹಾಕಿದರೂ ಅದು ಹೋಗುವುದಿಲ್ಲ. ಅದೂ ಅಲ್ಲದೆ ಏಳು ತಿಂಗಳ ಮಗುವಿನ ಅಪ್ಪನಿಗೆ ಹಿಂದಿನ ರಾತ್ರಿಗಳ ನಿದ್ದೆಯೂ ಬಾಕಿ ಇರುತ್ತದೆ. ದಾರಿಯನ್ನು ಎರಡು ದಿನಕ್ಕೆ ಒಡೆಯಿರಿ. ಬೆಳಗ್ಗೆ ಬೇಗ ಹೊರಡಿ, ಮಗುವಿನ ಮೊದಲ ನಿದ್ದೆ ಗಾಡಿಯಲ್ಲೇ ಆಗಲಿ, ಸಂಜೆ ಬೆಳಕಿರುವಾಗಲೇ ಎಲ್ಲಾದರೂ ಉಳಿದುಕೊಳ್ಳಿ. ಅಲ್ಲಿ ಮಗುವನ್ನು ಆ ಸೀಟಿನಲ್ಲೇ ಮಲಗಲು ಬಿಡಬೇಡಿ, ಸಮತಟ್ಟಾದ, ಗಟ್ಟಿ ಹಾಸಿಗೆಯಲ್ಲಿ ಬೆನ್ನ ಮೇಲೆ ಮಲಗಿಸಿ.

ಯಾರು ಎಲ್ಲಿ ಕೂರಬೇಕು ಅಂತಲೂ ಕೇಳಿದ್ದೀರಿ. ಅಜ್ಜಿ ಮುಂದೆ ಕೂರಲಿ. ಹತ್ತಿ ಇಳಿಯಲು ಸುಲಭ, ಕಾಲು ಚಾಚಬಹುದು, ದಾರಿ ಕಾಣುವುದರಿಂದ ಹೊಟ್ಟೆ ತೊಳಸುವುದೂ ಕಡಿಮೆ. ಮಧ್ಯದ ಸಾಲಿನಲ್ಲಿ ಮಗು, ಪಕ್ಕದಲ್ಲಿ ಒಂದು ಹಂತ ನೀವು, ಒಂದು ಹಂತ ಅತ್ತೆ. ಅತ್ತೆ ಮಗುವಿನ ಪಕ್ಕ ಇರುವಾಗ ನೀವು ಹಿಂದಿನ ಸಾಲಿಗೆ ಹೋಗಿ ನಿದ್ದೆ ಮಾಡಿ, ದಯವಿಟ್ಟು ಮಾಡಿ. ಅತ್ತೆ ಏನೂ ಹೇಳುತ್ತಿಲ್ಲ ಅಂದಿರಲ್ಲ, ಬಹುಶಃ ಅವರನ್ನು ಯಾರೂ ಏನೂ ಕೇಳಿಲ್ಲ. ಲಗೇಜು ಹಿಂದಿನ ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಹೋಗದಿರಲಿ, ಜೋರಾಗಿ ಬ್ರೇಕ್ ಹಾಕಿದರೆ ಮೇಲಿನ ಪೆಟ್ಟಿಗೆ ನೇರ ಜನರ ತಲೆಗೆ ಬರುತ್ತದೆ.

ಹಾಲಿನ ವಿಷಯ ಬೇಗ ಮುಗಿಸುತ್ತೇನೆ. ಗಾಡಿ ಓಡುವಾಗ ಮಗುವನ್ನು ಸೀಟಿನಿಂದ ತೆಗೆದು ಹಾಲು ಕುಡಿಸಬೇಡಿ, ಎಷ್ಟೇ ಅಳಲಿ, ಜಾಗ ನೋಡಿ ನಿಲ್ಲಿಸಿ ಕುಡಿಸಿ. ನಡುವೆ ಪುಡಿ ಹಾಲೂ ಕೊಡುತ್ತೇನೆ ಅಂದಿದ್ದೀರಿ. ಮೊದಲೇ ಕಲಸಿ ಬಾಟಲಿ ತುಂಬಿ ಇಡಬೇಡಿ, ಪುಡಿ ಬೇರೆ, ಬಿಸಿನೀರಿನ ಫ್ಲಾಸ್ಕ್ ಬೇರೆ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ನೀರು ಕನಿಷ್ಠ 70 ಡಿಗ್ರಿ ಬಿಸಿ ಇರಬೇಕು, ಪುಡಿಯಲ್ಲಿರುವ ರೋಗಾಣು ಸಾಯಬೇಕಲ್ಲ. ಕಲಸಿದ್ದನ್ನು ಆರಿಸಿ ಕೊಡಿ, ಎರಡು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿ. ಮಗು ಮನೆಯಲ್ಲಿ ತಿಂದು ಗೊತ್ತಿರುವುದನ್ನೇ ದಾರಿಯಲ್ಲೂ ಕೊಡಿ. ಮಾವನ ಇನ್ಸುಲಿನ್ ಮತ್ತು ಎಲ್ಲರ ಮಾತ್ರೆಗಳು ಕೈಚೀಲದಲ್ಲಿ, ಇಳಿದಾಗ ಜೊತೆಗೇ ಇಳಿಯಲಿ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಇನ್ಸುಲಿನ್ ಕೆಡುತ್ತದೆ.

ಬಿಸಿಲು ಅಂದಾಗ ಒಂದು ಮಾತು, ದೊಡ್ಡ ಕುಟುಂಬಗಳಿಗೆ ನಾನು ಮುಖ್ಯವಾಗಿ ಹೇಳುವ ಮಾತು. ಮುಚ್ಚಿದ ಗಾಡಿಯೊಳಗೆ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಬಿಸಿ ಏರಬಹುದು, ಕಿಟಕಿ ಸ್ವಲ್ಪ ಇಳಿಸಿದ್ದರೂ ಹೆಚ್ಚು ಉಪಯೋಗ ಇಲ್ಲ, ಮತ್ತು ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತದೆ. ಐದು ಜನ ದೊಡ್ಡವರಿದ್ದೇವೆ, ಮಗುವನ್ನು ಮರೆಯುತ್ತೇವಾ ಅನ್ನಿಸುತ್ತದೆ. ಆದರೆ ಜನ ಜಾಸ್ತಿ ಇದ್ದಾಗಲೇ "ಅವರ ಹತ್ತಿರ ಇದೆ" ಅಂತ ಇವರು, "ಇವರ ಹತ್ತಿರ ಇದೆ" ಅಂತ ಅವರು ಅಂದುಕೊಳ್ಳುವುದು. ಪ್ರತಿ ಸಲ ಇಳಿಯುವಾಗ "ಮಗು ನನ್ನ ಹತ್ತಿರ ಇದೆ" ಅಂತ ಒಬ್ಬರು ಬಾಯಿ ಬಿಟ್ಟು ಹೇಳಬೇಕು. ಕೈ ಬದಲಾದಾಗ ಮತ್ತೆ ಹೇಳಬೇಕು.

ಅಜ್ಜಿಯನ್ನು ಬಿಟ್ಟು ಹೋಗಬೇಕಾ ಅನ್ನುವ ಪ್ರಶ್ನೆಗೆ ಬರುತ್ತೇನೆ. ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಹೃದಯದ ತೊಂದರೆ ಇದ್ದರೆ, ಮೊದಲು ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅವರ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ. ಅವೇನೂ ಇಲ್ಲ, ಅವರಿಗೂ ಬರುವ ಮನಸ್ಸಿದೆ ಅಂದರೆ ಕರೆದುಕೊಂಡು ಹೋಗಿ. ಮಗುವಿಗಾಗಿ ನೀವು ಹೇಗೂ ನಿಲ್ಲುತ್ತೀರಿ, ಅವರಿಗಾಗಿ ಬೇರೆ ಸಮಯ ಹುಡುಕಬೇಕಾಗಿಲ್ಲ. ಈ ಭಾನುವಾರವೇ ಮಗುವಿನ ಸೀಟು ಕಟ್ಟಿ, ಎಲ್ಲರೂ ಅವರವರ ಜಾಗದಲ್ಲಿ ಕೂತು ಒಂದು ಗಂಟೆ ಸುತ್ತಾಡಿ ಬನ್ನಿ. ಅಜ್ಜಿಗೆ ಹತ್ತಲು ಮೆಟ್ಟಿಲು ಎತ್ತರ ಆಗುತ್ತಾ, ಮಗುವಿನ ಮುಖಕ್ಕೆ ಯಾವ ಕಡೆಯಿಂದ ಬಿಸಿಲು ಬೀಳುತ್ತೆ, ಬಕಲ್ ಅಜ್ಜಿಯ ಬೆರಳಿಗೆ ಬಗ್ಗುತ್ತಾ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ. ಏನಾಯಿತು ಅಂತ ನನಗೂ ನಾಲ್ಕು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

- ಸಂಪಾದಕರು