ವಿಂಡೋಸ್ ಬಿಟ್ಟು ಮ್ಯಾಕ್ ಕೊಂಡರೆ ನುಡಿಯಲ್ಲಿ ಮಾಡಿದ ಹಳೆಯ ಫೈಲುಗಳ ಗತಿಯೇನು?

ತಾವು ಕುಣಿಗಲ್‌ನಲ್ಲಿ ಡಿ.ಟಿ.ಪಿ. ಕೆಲಸ ಮಾಡುತ್ತಿರುವುದಾಗಿಯೂ, ವಿಂಡೋಸ್ 10 ಇರುವ ಕಂಪ್ಯೂಟರ್ ಬಿಟ್ಟು ಮ್ಯಾಕ್ ಕೊಳ್ಳುವ ಯೋಚನೆ ಇರುವುದಾಗಿಯೂ ಬರೆದು, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಮಾಡಿಟ್ಟ ಫೈಲುಗಳು ಅದರಲ್ಲಿ ತೆರೆಯುತ್ತವೆಯೇ ಎಂದು ಕೇಳಿದ್ದೀರಿ. ನಾನು ತುಮಕೂರಿನಲ್ಲಿ ಲಗ್ನಪತ್ರಿಕೆ, ಶಾಲಾ ಸಂಚಿಕೆ, ಜಾತ್ರೆಯ ಕರಪತ್ರಗಳನ್ನು ಸಿದ್ಧಪಡಿಸುವ ಇದೇ ಕಸುಬಿನವನು; ಈ ಬದಲಾವಣೆಯನ್ನು ಮಾಡಿಕೊಂಡವನೂ ಹೌದು. ಹೊಸ ಯಂತ್ರಕ್ಕೆ ಕೈ ಒಗ್ಗಿಸಿಕೊಳ್ಳುವುದು ಸಣ್ಣ ಕೆಲಸ. ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತಕ್ಕೆ, ತರುವುದೇ ದೊಡ್ಡ ಕೆಲಸವಾಗಿದ್ದು, ಅದನ್ನು ಮ್ಯಾಕ್ ಬರುವ ಮೊದಲೇ, ವಿಂಡೋಸ್ ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಮುಗಿಸುವುದು ಒಳ್ಳೆಯದು.

ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡವಿರುವುದು ಫಾಂಟಿನ ಆಕಾರದಲ್ಲಿ ಮಾತ್ರ. ಫೈಲಿನ ಒಳಗೆ ಇರುವುದು ರೋಮನ್ ಅಕ್ಷರಗಳು ಮತ್ತು ಇತರ ಚಿಹ್ನೆಗಳು. ನಕಾರ ಇರಬೇಕಾದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ ಕುಳಿತಿರುತ್ತದೆ. ಆ ಫಾಂಟುಗಳನ್ನು ಮ್ಯಾಕ್‌ಗೆ ಹಾಕಿಕೊಂಡರೆ ಪಠ್ಯವನ್ನು ಓದಬಹುದು, ಮುದ್ರಿಸಲೂಬಹುದು. ಆದರೆ ಅದೇ ಸಂಕೇತದಲ್ಲಿ ಕೀಲಿಸುವ ನುಡಿ ತಂತ್ರಾಂಶ ವಿಂಡೋಸ್‌ಗಾಗಿ ಬರೆದದ್ದಾದುದರಿಂದ, ಗಿರಾಕಿ ಎದುರಿಗೆ ಕುಳಿತು ಒಂದು ಒತ್ತಕ್ಷರ ತಿದ್ದಿಕೊಡಿ ಎಂದರೂ ಕೈ ಕಟ್ಟಿದಂತಾಗುತ್ತದೆ.

ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ನುಡಿ ಮತ್ತು ಅದರಂಥದೇ ಇನ್ನೊಂದು ಕನ್ನಡ ತಂತ್ರಾಂಶವಾದ ಬರಹ ಎರಡರಲ್ಲೂ ಇದೆ. ಆದರೆ ಬದಲಿಸಿದ್ದನ್ನು ಕರಡು ತಿದ್ದದೆ ಮುದ್ರಣಕ್ಕೆ ಕಳುಹಿಸಬಾರದು. ಫಾಂಟಿನ ಗುರುತು ಕಳಚಿದ ಮೇಲೆ ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂಬುದು ಪರಿವರ್ತಕಕ್ಕೆ ತಿಳಿಯುವುದಿಲ್ಲವಾದ್ದರಿಂದ, ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಕೆಳಗೆ ರೋಮನ್ ಲಿಪಿಯಲ್ಲಿ ಹಾಕಿದ್ದ ಬಿ.ಇ., ಎಂ.ಬಿ.ಎ. ಪದವಿಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೊರಬರುತ್ತವೆ. ಅರ್ಕಾವತ್ತಿನ ತೊಡಕು ಇನ್ನೊಂದು: ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುವ ಚಿಹ್ನೆ, ಯೂನಿಕೋಡ್‌ನಲ್ಲಿ ರಕಾರವು ಆ ಅಕ್ಷರಕ್ಕಿಂತ ಮೊದಲೇ ಬರಬೇಕು. ಒಳ್ಳೆಯ ಪರಿವರ್ತಕ ಇದನ್ನು ಸರಿಪಡಿಸುತ್ತದೆಯಾದರೂ ಸೂರ್ಯ, ಧರ್ಮ, ಕಾರ್ಯದರ್ಶಿಯಂತಹ ಪದಗಳ ಮೇಲೆ ಒಮ್ಮೆ ಕಣ್ಣಾಡಿಸುವುದು ಕ್ಷೇಮ. ಎಲ್ಲವನ್ನೂ ಬದಲಿಸುತ್ತ ಕೂರುವ ಅಗತ್ಯವಿಲ್ಲ. ಮುಗಿದ ಮದುವೆಯ ಪತ್ರಿಕೆ ಮತ್ತೆ ಬರುವುದಿಲ್ಲ, ಪ್ರತಿ ವರ್ಷ ದಿನಾಂಕವಷ್ಟೇ ಬದಲಾಗುವ ಜಾತ್ರೆಯ ಕರಪತ್ರ ಬಂದೇ ಬರುತ್ತದೆ.

ಪುಟ ಜೋಡಿಸಲು ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶವನ್ನು ಇನ್ನೂ ಬಳಸುತ್ತಿದ್ದರೆ ಅದನ್ನು ಇಂದಿನ ಮ್ಯಾಕ್‌ನಲ್ಲಿ ನಡೆಸಲಾಗದು. ಅದರ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ, ಯೂನಿಕೋಡ್ ಕನ್ನಡ ಅದಕ್ಕೆ ತಿಳಿಯದು. ಅದೇ ಕೆಲಸದ ಹೊಸ ತಂತ್ರಾಂಶವಾದ ಇನ್‌ಡಿಸೈನ್‌ಗೆ ಹೋಗುವಿರಾದರೆ ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆಯ್ದುಕೊಳ್ಳಿ. ಇಲ್ಲವಾದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತು, ಫಾಂಟೇ ಕೆಟ್ಟಿದೆಯೇನೋ ಎಂಬ ಅನುಮಾನ ಹುಟ್ಟಿಸುತ್ತವೆ.

ಮ್ಯಾಕ್‌ನಲ್ಲೇ ವಿಂಡೋಸ್ ಹಾಕಿಕೊಂಡರಾಯಿತು ಎಂದು ಹೇಳುವವರು ಸಿಗುತ್ತಾರೆ. ಇಂಟೆಲ್ ಚಿಪ್‌ನ ಮ್ಯಾಕ್‌ಗಳಲ್ಲಿ ಆಪಲ್‌ನದೇ ಬೂಟ್ ಕ್ಯಾಂಪ್ ಎಂಬ ಸೌಲಭ್ಯದ ಮೂಲಕ ಅದು ಸಾಧ್ಯವಿತ್ತು. 2020ರ ಕೊನೆಯಲ್ಲಿ ಬಂದ ಎಂ1 ಮತ್ತು ಅದರ ನಂತರದ ಚಿಪ್‌ಗಳಲ್ಲಿ ಆ ದಾರಿ ಇಲ್ಲ, ಮ್ಯಾಕ್‌ನ ಒಳಗೇ ವಿಂಡೋಸ್ ನಡೆಸುವ ಪ್ಯಾರಲಲ್ಸ್‌ನಂತಹ ತಂತ್ರಾಂಶವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ನನ್ನ ದೃಷ್ಟಿಯಲ್ಲಿ ಹಳೆಯ ಕಂಪ್ಯೂಟರನ್ನು ಮಾರದೆ ಅಂಗಡಿಯ ಮೂಲೆಯಲ್ಲಿ ಉಳಿಸಿಕೊಳ್ಳುವುದೇ ಅಗ್ಗ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದಕ್ಕೆ ಇಂಟರ್ನೆಟ್ ಕೊಡದೆ, ಹಳೆಯ ಫೈಲು ತೆರೆಯಲು ಮಾತ್ರ ಬಳಸಿ. ಲೆಕ್ಕಕ್ಕೆ, ವಿಂಡೋಸ್‌ಗಾಗಿ ಬರೆದ ಟ್ಯಾಲಿ ತಂತ್ರಾಂಶವನ್ನು ಇಟ್ಟುಕೊಂಡಿದ್ದರಂತೂ ಆ ಯಂತ್ರ ಬೇಕೇ ಬೇಕು.

ಕೀಲಿಮಣೆಯ ಬಗ್ಗೆ ಹೆಚ್ಚು ಚಿಂತಿಸಬೇಡಿ. ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆ ಮೊದಲೇ ಇದ್ದು, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರೆ ಸಾಕು. ಕಂಟ್ರೋಲ್ ಬದಲು ಕಮಾಂಡ್ ಒತ್ತುವುದು ಕೆಲವು ದಿನಗಳಲ್ಲಿ ರೂಢಿಯಾಗುತ್ತದೆ.

ಕೊಳ್ಳುವಾಗ ಮಾತ್ರ ರ‍್ಯಾಮ್ ಎಷ್ಟು ಬೇಕೆಂದು ಮೊದಲೇ ತೀರ್ಮಾನಿಸಿ, ಏಕೆಂದರೆ ಈಗಿನ ಮ್ಯಾಕ್‌ಗಳಲ್ಲಿ ಅದು ಚಿಪ್‌ನೊಂದಿಗೇ ಸೇರಿಕೊಂಡಿದ್ದು, ನಮ್ಮೂರಿನ ಯಾವ ರಿಪೇರಿ ಅಂಗಡಿಯವರೂ ಆಮೇಲೆ ಹೆಚ್ಚಿಸಿಕೊಡಲಾರರು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಹಾರ್ಡ್ ಡಿಸ್ಕನ್ನು ಮ್ಯಾಕ್ ಓದುತ್ತದೆಯೇ ಹೊರತು ತಾನಾಗಿ ಅದರಲ್ಲಿ ಬರೆಯುವುದಿಲ್ಲ. ಮುದ್ರಣಾಲಯಕ್ಕೆ ಕೊಂಡೊಯ್ಯುವ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿಟ್ಟುಕೊಂಡರೆ ಎರಡೂ ಕಡೆ ನಡೆಯುತ್ತದೆ. ಫಾರ್ಮ್ಯಾಟ್ ಮಾಡುವ ಮುನ್ನ ಅದರಲ್ಲಿರುವುದನ್ನು ಬೇರೆಡೆ ಉಳಿಸಿಕೊಳ್ಳಿ.