‘ಬರಿ’ ಎನ್ನುವವರೆಗೂ ಬರೆಯದ ಹುಡುಗ

(ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಾಯಿಸಲಾಗಿದೆ.)

“ಇವನಿಗೆ ಎಲ್ಲ ಬರುತ್ತದೆ ಮೇಡಂ. ಆದರೆ ಪಕ್ಕದಲ್ಲಿ ಯಾರಾದರೂ ಕುಳಿತು ಹೇಳುತ್ತಲೇ ಇರಬೇಕು” ಎನ್ನುತ್ತಾ ಕತ್ರಿಗುಪ್ಪೆಯಿಂದ ಬಂದಿದ್ದ ಆ ತಾಯಿ ಮಗನ ಲೆಕ್ಕದ ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಹುಡುಗನಿಗೆ ಎಂಟು ವರ್ಷ, ಮೂರನೇ ತರಗತಿ, ಆಟಿಸಂ ಇದೆ. ಚಿನ್ಮಯ ಎಂದು ಕರೆಯೋಣ. ಕೂಡುವ ಲೆಕ್ಕಗಳೆಲ್ಲ ಸರಿಯಾಗಿದ್ದವು. ಆದರೆ ಎರಡು ಲೆಕ್ಕಗಳ ನಡುವೆ ಪೆನ್ಸಿಲ್ ಒತ್ತಿ ಒತ್ತಿ ಕಪ್ಪಾದ ಒಂದೊಂದು ಚುಕ್ಕೆ.

ಶಾಲೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆ. “ಬರಿ”, “ಮುಂದಿನದು”, “ಇಲ್ಲಿ ನೋಡು” ಎಂದು ಶ್ಯಾಡೋ ಟೀಚರ್ (ತರಗತಿಯಲ್ಲಿ ಅವನೊಬ್ಬನ ಪಕ್ಕದಲ್ಲೇ ಕುಳಿತು ನೆರವಾಗುವ ಸಹಾಯಕಿ) ಹೇಳಿದಾಗಲೆಲ್ಲ ಒಂದು ಗೆರೆ ಎಳೆದೆ. ಒಂದು ಪೀರಿಯಡ್ ಮುಗಿಯುವಷ್ಟರಲ್ಲಿ 27 ಗೆರೆಗಳಾಗಿದ್ದವು. ಆ ಚುಕ್ಕೆ ಏನೆಂಬುದು ಆಗ ಹೊಳೆಯಿತು. ಅದು ಅವನು ‘ಬರಿ’ ಎಂಬ ಮಾತಿಗಾಗಿ ಕಾಯುತ್ತಿದ್ದ ಜಾಗ. ಸೋಮಾರಿತನವೂ ಅಲ್ಲ, ಹಟವೂ ಅಲ್ಲ. ಆ ಮಾತೂ ಲೆಕ್ಕದ ಒಂದು ಭಾಗವೆಂದು ಅವನು ಕಲಿತುಬಿಟ್ಟಿದ್ದ. ಕಲಿಸಿದವರು ದೊಡ್ಡವರೇ.

ಶಾಲೆಯವರು ಕೈಕಟ್ಟಿ ಕುಳಿತಿರಲಿಲ್ಲ. ಕರಿಹಲಗೆಯ ಪಕ್ಕದಲ್ಲಿ ಮಾಡಬೇಕಾದ ಕೆಲಸಗಳನ್ನು ತೋರಿಸುವ ಬಣ್ಣದ ಚಿತ್ರಪಟವಿತ್ತು, ಲ್ಯಾಮಿನೇಷನ್ ಸಮೇತ. ಅದನ್ನು ಅಂಟಿಸಿದ್ದು ಮಿಸ್‌ನ ಎತ್ತರಕ್ಕೆ. ಚಿನ್ಮಯನ ಪಾಲಿಗೆ ಅದು ಬೆರಳು ತೋರಿಸಿ ಹೇಳುವ ಇನ್ನೊಂದು ಆಜ್ಞೆ, ಅಷ್ಟೆ.

ನಾನು ಕೊಟ್ಟ ಸಲಹೆ ನನ್ನದೇನಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ರೂಪಿಸಿದ, 1972ರಲ್ಲಿ ಆ ರಾಜ್ಯದ ಕಾರ್ಯಕ್ರಮವೇ ಆದ, ಆಟಿಸಂ ಇರುವವರಿಗೆ ಕಲಿಸುವ ‘ಟೀಚ್’ (TEACCH) ಪದ್ಧತಿಯದು. ಯಾವ ಕೆಲಸ, ಎಷ್ಟು ಕೆಲಸ, ಮುಗಿಯಿತೆಂದು ತಿಳಿಯುವುದು ಹೇಗೆ, ಆಮೇಲೇನು? ಈ ನಾಲ್ಕಕ್ಕೂ ಉತ್ತರ ಮಗುವಿನ ಕಣ್ಣಿಗೆ ಕಾಣುವಂತಿರಬೇಕು. ಆಡಿದ ಮಾತು ಗಾಳಿಗೆ ಹೋಗುತ್ತದೆ, ಚೀಟಿ ಡೆಸ್ಕಿನ ಮೇಲೆಯೇ ಇರುತ್ತದೆ.

ಚಿನ್ಮಯನಿಗೆ ಮೆಟ್ರೊ ಎಂದರೆ ಪ್ರಾಣ. ಬನಶಂಕರಿ, ಆರ್.ವಿ. ರಸ್ತೆ, ಜಯನಗರ ಎಂದು ಹಸಿರು ಮಾರ್ಗದ ನಿಲ್ದಾಣಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹಾಗಾಗಿ ಹಸಿರು ರಟ್ಟಿನ ಪಟ್ಟಿಯಲ್ಲಿ ಮೂರು ನಿಲ್ದಾಣ ಮಾಡಿದೆವು. ಮೊದಲ ಎರಡರಲ್ಲಿ ಕೆಲಸದ ಚಿತ್ರ, ಕೊನೆಯದರಲ್ಲಿ ಮೆಟ್ರೊ ನಕ್ಷೆ ನೋಡಲು ಐದು ನಿಮಿಷ. ಎಲ್ಲವೂ ವೆಲ್ಕ್ರೋ ಹಚ್ಚಿದ ಚೀಟಿಗಳು. ಡೆಸ್ಕಿನ ಎಡಕ್ಕೆ ಮಾಡಬೇಕಾದ ಹಾಳೆಗಳು, ಬಲಕ್ಕೆ ‘ಮುಗಿಯಿತು’ ಡಬ್ಬಿ. ಒಂದು ಕೆಲಸ ಮುಗಿದರೆ ಅದರ ಹಾಳೆಯನ್ನೂ ಚೀಟಿಯನ್ನೂ ಆ ಡಬ್ಬಿಗೆ ಹಾಕಬೇಕು. ಅವನಿಗೆ ಈಗಾಗಲೇ ಬರುವ ಕೆಲಸಗಳನ್ನೇ ಇಡಿ ಎಂದು ಒತ್ತಿ ಹೇಳಿದೆ. ಹೊಸ ಪಾಠವನ್ನೂ ಒಂಟಿಯಾಗಿ ಮಾಡುವುದನ್ನೂ ಒಟ್ಟಿಗೆ ಕಲಿಸಹೊರಟರೆ ಎರಡೂ ಕೆಡುತ್ತವೆ. ಶ್ಯಾಡೋ ಟೀಚರ್ ಪಕ್ಕದಲ್ಲಿ ಕೂರದೆ ಹಿಂದೆ ನಿಲ್ಲಬೇಕು. ಹುಡುಗ ತಡವರಿಸಿದರೆ ಮೊಣಕೈ ಮುಟ್ಟಿ ಅವನ ಕೈಯನ್ನು ಪಟ್ಟಿಯತ್ತ ತರಬೇಕು. ಮಾತು ಮಾತ್ರ ಕೂಡದು.

ಎಲ್ಲಕ್ಕಿಂತ ಕಷ್ಟವಾದದ್ದು ಇದೇ. “ಸುಮ್ಮನಿದ್ದರೆ ಸಂಬಳ ಯಾಕೆ ಕೊಡುತ್ತಾರೆ ಮೇಡಂ?” ಎಂದು ಆಕೆ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರ ಕೆಲಸ ಕಡಿಮೆಯಾದಷ್ಟೂ ಅವರು ಕೆಲಸ ಮಾಡಿದ್ದಾರೆಂದು ಅರ್ಥ ಎಂದು ಆಕೆಗೂ ಮುಖ್ಯೋಪಾಧ್ಯಾಯಿನಿಗೂ ಹೇಳಬೇಕಾಯಿತು. “ಒಬ್ಬನಿಗೇ ವಿಶೇಷ ಏರ್ಪಾಡು ಯಾಕೆ?” ಎಂಬ ಆಕ್ಷೇಪಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ನೆನಪಿಸಿದೆ. ಅದು ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ.

ಮನೆಯಲ್ಲಿ ಅಜ್ಜಿಯ ಚಿಂತೆ ಬೇರೆ: ಚಿತ್ರಕ್ಕೆ ಅಂಟಿಕೊಂಡರೆ ಮಾತು ನಿಂತುಹೋಗುವುದಿಲ್ಲವೇ? ಚಿತ್ರಗಳಿಂದ ಮಾತು ಕುಂಠಿತವಾಗುವುದಿಲ್ಲ ಎಂದೆ. “ಬಸ್ಸಿನ ಬೋರ್ಡ್ ನೋಡಿ ಹತ್ತುವ ನೀವು ಮಾತು ಮರೆತಿದ್ದೀರಾ ಅಮ್ಮ?” ಎಂದು ಕೇಳಿದಾಗ ಅವರಿಗೂ ನಗು ಬಂತು.

ಮೊದಲ ವಾರ ಚಿನ್ಮಯ ನಮಗೆಲ್ಲ ಚಳ್ಳೆಹಣ್ಣು ತಿನ್ನಿಸಿದ. ಚರ್ರೆಂದು ಚೀಟಿಗಳನ್ನೆಲ್ಲ ಕಿತ್ತು ಡಬ್ಬಿಗೆ ಹಾಕಿ, ನಕ್ಷೆ ಕೊಡಿ ಎಂದು ಕೈ ಚಾಚಿದ. ತಪ್ಪು ನಮ್ಮದೇ. ಚೀಟಿ ಒಂಟಿಯಾಗಿ ಡಬ್ಬಿಗೆ ಹೋಗಬಹುದೆಂದು ಬಿಟ್ಟಿದ್ದೆವು. ಮುಗಿದ ಹಾಳೆಯ ಮೂಲೆಯಲ್ಲಿ ವೆಲ್ಕ್ರೋ ಹಚ್ಚಿ, ಚೀಟಿಯನ್ನು ಅದಕ್ಕಂಟಿಸಿಯೇ ಹಾಕಬೇಕೆಂದು ಬದಲಾಯಿಸಿದೆವು. ಪಟ್ಟಿಯನ್ನು ಓದದೆ ಬಾಯಿಪಾಠ ಮಾಡಿಕೊಳ್ಳಬಾರದೆಂದು ಕೆಲಸಗಳ ಸರದಿಯನ್ನೂ ಆಗಾಗ ತಿರುಗಿಸಲು ಹೇಳಿದೆ.

ಆರು ವಾರಗಳ ನಂತರ ಮತ್ತೆ ಕೊನೆಯ ಬೆಂಚಿನಲ್ಲಿ ಕುಳಿತೆ. ಲೆಕ್ಕದ ಪೀರಿಯಡ್‌ನಲ್ಲಿ ನಾಲ್ಕೇ ಗೆರೆಗಳು. ಪುಸ್ತಕದಲ್ಲಿ ಚುಕ್ಕೆಗಳು ಅಲ್ಲೊಂದು ಇಲ್ಲೊಂದು. ಸಂಗೀತದ ತರಗತಿಯಲ್ಲಿ ಮಾತ್ರ ಪಟ್ಟಿ ಏನೂ ಉಪಯೋಗಕ್ಕೆ ಬಂದಿಲ್ಲ. ಅಲ್ಲಿ ಹಾರ್ಮೋನಿಯಂ ಶುರುವಾದರೆ ಅವನು ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ. ಮುಂದಿನ ಭೇಟಿಯಲ್ಲಿ ಅದನ್ನು ನೋಡಬೇಕು.