ಸ್ವಿಚ್ ಹಾಕುವ ಮುನ್ನ ಮುಚ್ಚಳ ತೆಗೆಯಿರಿ

ಹಳೆಯ ವಿಡಿಯೋ ಎಡಿಟಿಂಗ್ ಯಂತ್ರಗಳನ್ನು ಕುರಿತು ಓದುಗರು ಕೇಳಿದ ಮೂರು ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಇಲ್ಲಿನ ಗರಾಜ್ ಸೇಲ್‌ನಲ್ಲಿ ಅಮಿಗಾ 2000 ಕಂಪ್ಯೂಟರ್ ಸಿಕ್ಕಿತು, ಒಳಗೆ ವಿಡಿಯೋ ಕೆಲಸಕ್ಕೆಂದೇ ಮಾಡಿದ ‘ವಿಡಿಯೋ ಟೋಸ್ಟರ್’ ಎಂಬ ಕಾರ್ಡ್ ಇದೆಯಂತೆ. ಇನ್ನೂ ಆನ್ ಮಾಡಿಲ್ಲ. ಮುಂದಿನ ವರ್ಷ ಮೈಸೂರಿಗೆ ವಾಪಸಾಗುತ್ತಿದ್ದೇವೆ. ನಮ್ಮ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಇದರಲ್ಲೇ ಎಡಿಟ್ ಮಾಡಬೇಕೆಂಬ ಆಸೆ. ಆದೀತೇ?
– ಕ್ಯಾಲಿಫೋರ್ನಿಯಾದಿಂದ ಓದುಗರೊಬ್ಬರು

ಉತ್ತರ: ಆನ್ ಮಾಡಿಲ್ಲ ಎಂದಿರಲ್ಲ, ಅರ್ಧ ಕೆಲಸ ಅಲ್ಲೇ ಗೆದ್ದಿರಿ. ದಯವಿಟ್ಟು ಇನ್ನೂ ಸ್ವಲ್ಪ ದಿನ ಹಾಗೇ ಇರಲಿ.

ಮೊದಲು ಮುಚ್ಚಳ ತೆಗೆದು ಮದರ್‌ಬೋರ್ಡಿನಲ್ಲಿ 68000 ಪ್ರೊಸೆಸರ್ ಎಲ್ಲಿದೆ ನೋಡಿ. ಅದರ ಹತ್ತಿರವೇ ಪೀಪಾಯಿಯಾಕಾರದ ಸಣ್ಣ ಬ್ಯಾಟರಿಯೊಂದನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ನಿಕಲ್ ಕ್ಯಾಡ್ಮಿಯಂ, 3.6 ವೋಲ್ಟ್. ಗಡಿಯಾರದ ಸಮಯ ನೆನಪಿಡುವುದಷ್ಟೇ ಅದರ ಕೆಲಸ, ಆದರೆ ಅಮಿಗಾ 2000ಗಳನ್ನು ಅದು ಕೊಂದಷ್ಟು ಬೇರೇನೂ ಕೊಂದಿಲ್ಲ. ವಯಸ್ಸಾದ ಮೇಲೆ ಅದು ಸೋರುತ್ತದೆ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದು ತಾಮ್ರದ ಗೆರೆಗಳನ್ನೂ ಪ್ರೊಸೆಸರಿನ ಸಾಕೆಟ್ಟನ್ನೂ ತಿನ್ನುತ್ತ ಹೋಗುತ್ತದೆ. ಹಸಿರು ಹುಡಿ ಕಂಡರೆ ತಿಂದಾಗಿದೆ ಎಂದೇ ಅರ್ಥ.

ಬ್ಯಾಟರಿಯನ್ನು ಕತ್ತರಿಸಿ ತೆಗೆದುಬಿಡಿ. ಅದಿಲ್ಲದೆಯೂ ಯಂತ್ರ ಓಡುತ್ತದೆ, ತಾರೀಖು ಮಾತ್ರ ಮರೆಯುತ್ತದೆ. ಕ್ಷಾರವಾದ್ದರಿಂದ ಬಿಳಿ ವಿನೆಗರ್ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಚೆನ್ನಾಗಿ ಒಣಗಿಸಿ. ಆಮೇಲೆ ಮಲ್ಟಿಮೀಟರಿನಲ್ಲಿ ಒಂದೊಂದೇ ಗೆರೆ ಪರೀಕ್ಷಿಸಿ. ಕಡಿದಲ್ಲಿ ತೆಳು ತಂತಿಯ ಸೇತುವೆ ಹಾಕಿ. ಸಮಯವೂ ಬೇಕೇ ಬೇಕೆಂದರೆ ಸಿಆರ್ 2032 ನಾಣ್ಯ ಸೆಲ್ ಹಾಕಬಹುದು, ಆದರೆ ದಾರಿಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರಲೇಬೇಕು. ಈ ಬೋರ್ಡು ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ, ನಾಣ್ಯ ಸೆಲ್‌ಗೆ ಚಾರ್ಜ್ ಕೊಟ್ಟರೆ ಅದು ಸಿಡಿಯಬಹುದು.

ಇನ್ನು ಮೈಸೂರಿನ ಮಾತು. ಇಲ್ಲಿ ನಿಮ್ಮನ್ನು ನಿರಾಶೆಗೊಳಿಸಬೇಕಾಗಿದೆ. ಟೋಸ್ಟರನ್ನು 1990ರಲ್ಲಿ ಹೊರತಂದ ನ್ಯೂಟೆಕ್ ಕಂಪನಿ ಇದ್ದದ್ದು ಕ್ಯಾನ್ಸಸ್‌ನ ಟೊಪೀಕಾದಲ್ಲಿ. ಕಾರ್ಡು ಹುಟ್ಟಾ ಅಮೆರಿಕನ್, ಅಮೆರಿಕದ ಟಿವಿ ಚಿತ್ರ ಪದ್ಧತಿಯಾದ ಎನ್‌ಟಿಎಸ್‌ಸಿ ಬಿಟ್ಟು ಬೇರೆ ಭಾಷೆ ಅದಕ್ಕೆ ತಿಳಿಯದು. ನಿಮ್ಮ ಮದುವೆ ಕ್ಯಾಸೆಟ್ ಭಾರತದ್ದಾದರೆ ಅದು ನಮ್ಮ ಪದ್ಧತಿಯಾದ ಪಾಲ್: 625 ಗೆರೆ, ಸೆಕೆಂಡಿಗೆ 50 ಫೀಲ್ಡ್ (ಅರ್ಧ ಚಿತ್ರ). ಎನ್‌ಟಿಎಸ್‌ಸಿಗೆ 525 ಗೆರೆ, ಸುಮಾರು 60 ಫೀಲ್ಡ್. ಸಾಫ್ಟ್‌ವೇರ್ ಬದಲಿಸಿದರೆ ಸರಿಹೋಗುವ ಸಂಗತಿ ಇದಲ್ಲ. ಅಮೆರಿಕದ ಅಮಿಗಾದ ಮೂಲ ಗಡಿಯಾರ, ಅಂದರೆ ಇಡೀ ಯಂತ್ರಕ್ಕೆ ತಾಳ ಹಾಕುವ ಮಿಡಿತ, 28.63636 ಮೆಗಾಹರ್ಟ್ಸ್, ಅಂದರೆ ಎನ್‌ಟಿಎಸ್‌ಸಿ ಬಣ್ಣದ ಅಲೆಯ (3.579545 ಮೆಗಾಹರ್ಟ್ಸ್) ಸರಿಯಾಗಿ ಎಂಟು ಪಟ್ಟು. ಪಾಲ್ ಅಮಿಗಾದ ಗಡಿಯಾರವೇ ಬೇರೆ. ಹಾಗಾಗಿ ಟೋಸ್ಟರನ್ನು ಕಿತ್ತು ಭಾರತದಲ್ಲಿ ಸಿಕ್ಕ ಅಮಿಗಾಗೆ ಹಾಕೋಣ ಎಂಬ ಯೋಚನೆಯನ್ನೂ ಬಿಡಿ.

ಇನ್ನೊಂದು. ನೀವು ‘ಎಡಿಟ್’ ಎಂದಿರಿ. ಮೊದಲಿನ ಟೋಸ್ಟರ್ ವಿಡಿಯೋವನ್ನು ಡಿಸ್ಕಿಗೆ ತುಂಬಿಕೊಂಡು ಕತ್ತರಿಸಿ ಜೋಡಿಸುವುದಿಲ್ಲ. ಅದು ನಮ್ಮ ಸ್ಟುಡಿಯೋದವರು ‘ಮಿಕ್ಸಿಂಗ್’ ಅನ್ನುವ ಕೆಲಸದ್ದು: ನಾಲ್ಕು ಕಡೆಯಿಂದ ಬರುವ ಚಿತ್ರಗಳ ನಡುವೆ ಬದಲಿಸುವುದು, ಚಿತ್ರವನ್ನು ಪಲ್ಟಿ ಹೊಡೆಸುವುದು, ಹೆಸರು ಬರೆಯುವುದು. ಡಿಸ್ಕಿನಲ್ಲಿ ಜೋಡಿಸುವ ಶಕ್ತಿ ಬಂದದ್ದು ಮುಂದೆ ‘ಫ್ಲೈಯರ್’ ಎಂಬ ಜೊತೆಕಾರ್ಡು ಬಂದಮೇಲೆ. ಅಲ್ಲದೆ ಆ ನಾಲ್ಕೂ ಚಿತ್ರಗಳು ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕು. ವಿಸಿಆರ್‌ನ ಮೋಟಾರಿನ ವೇಗ ಸದಾ ತೂಗಾಡುತ್ತಿರುತ್ತದೆ, ಆದ್ದರಿಂದ ಪ್ರತಿ ವಿಸಿಆರ್‌ಗೂ ತಾಳ ಸರಿಪಡಿಸುವ ಒಂದೊಂದು ಟೈಮ್ ಬೇಸ್ ಕರೆಕ್ಟರ್ ಬೇಕಾಗುತ್ತಿತ್ತು.

ಹಾಗಾದರೆ ತರಬೇಡಿ ಎನ್ನುತ್ತೇನೆಯೇ? ಇಲ್ಲ, ತನ್ನಿ. ಜೊತೆಗೆ ಅಲ್ಲಿಂದಲೇ ಒಂದು ಎನ್‌ಟಿಎಸ್‌ಸಿ ಕ್ಯಾಮೆರಾ ತನ್ನಿ. ವಿದ್ಯುತ್ತಿಗೆ ಹಿಂಬದಿಯ ಲೇಬಲ್ ನೋಡಿಕೊಳ್ಳಿ, ಬರೀ 110 ಎಂದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಎರಡೂ ಪದ್ಧತಿಯ ಚಿತ್ರ ತೋರಿಸುವ ಟಿವಿ ನಮ್ಮಲ್ಲಿ ಕಷ್ಟವಿಲ್ಲದೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಾರ್ಡ್ ಡಿಸ್ಕ್ ಇನ್ನೂ ತಿರುಗುತ್ತಿದ್ದರೆ ವಿಮಾನ ಹತ್ತಿಸುವ ಮೊದಲೇ ಅದರ ಪೂರ್ತಿ ಪ್ರತಿ ತೆಗೆದಿಡಿ. ಮದುವೆ ಕ್ಯಾಸೆಟ್ಟನ್ನು ಮೈಸೂರಿನಲ್ಲಿ ಯಾವುದಾದರೂ ಪಾಲ್ ವಿಸಿಆರ್‌ನಿಂದ ನೇರ ಲ್ಯಾಪ್‌ಟಾಪಿಗೆ ಇಳಿಸಿ, ಅದಕ್ಕೆ ಟೋಸ್ಟರ್ ಬೇಡ.

ಪ್ರಶ್ನೆ: ಅಪ್ಪ 2002ರಿಂದ ಮದುವೆ ವಿಡಿಯೋ ಮಾಡುತ್ತಿದ್ದರು. ಅವರ ಪೆಂಟಿಯಂ 4 ಕಂಪ್ಯೂಟರ್, ಕ್ಯಾನೋಪಸ್ ಕಂಪನಿಯ ವಿಡಿಯೋ ಕಾರ್ಡ್, ಮಿನಿ ಡಿವಿ ಕ್ಯಾಮೆರಾ, ಎರಡು ಪೆಟ್ಟಿಗೆ ಕ್ಯಾಸೆಟ್ ಅಟ್ಟದ ಮೇಲಿವೆ. ಸಿಸ್ಟಂ ಸರಿಮಾಡಬೇಕು. ಎಲ್ಲಿಂದ ಶುರು ಮಾಡಲಿ?
– ಸಾಗರದಿಂದ

ಉತ್ತರ: ಕ್ಯಾಸೆಟ್ಟುಗಳಿಂದ. ಸಿಸ್ಟಂ ಇನ್ನೂ ಹತ್ತು ವರ್ಷ ಕಾದೀತು, ಮಲೆನಾಡಿನ ಅಟ್ಟದ ಮೇಲಿನ ಕ್ಯಾಸೆಟ್ ಕಾಯುವುದಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ಕಿಟಕಿಯಲ್ಲಿ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂಥ ಬೂಷ್ಟು ಕಂಡರೆ ಅದನ್ನು ಬೇರೆ ಡಬ್ಬಿಗೆ ಹಾಕಿ, ಕ್ಯಾಮೆರಾದ ಹತ್ತಿರಕ್ಕೂ ತರಬೇಡಿ. ನಾನೇ ಒಮ್ಮೆ ಉದಾಸೀನ ಮಾಡಿ ಅಂಥದೊಂದನ್ನು ಹಾಕಿದೆ. ಹೆಡ್ ಮೆತ್ತಿಕೊಂಡು, ಆಮೇಲೆ ಹಾಕಿದ ಚೆನ್ನಾಗಿದ್ದ ಕ್ಯಾಸೆಟ್ಟಿಗೂ ಬೂಷ್ಟು ಅಂಟಿತು. ಅದು ಸ್ನೇಹಿತರ ಮಗಳ ನಾಮಕರಣದ್ದು, ಇವತ್ತಿಗೂ ಅವರ ಮನೆಗೆ ಹೋದಾಗ ಆ ಮಾತು ಬರುತ್ತದೆ.

ಚೆನ್ನಾಗಿರುವುದನ್ನು ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೈರ್‌ವೈರ್ ಎಂಬ ಕೇಬಲ್ ಮೂಲಕ ಇಳಿಸಿ. ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಫೈರ್‌ವೈರ್ ಕೇಬಲ್ ಚುಚ್ಚುವಾಗ ಕ್ಯಾಮೆರಾ, ಕಂಪ್ಯೂಟರ್ ಎರಡೂ ಆಫ್ ಇರಲಿ. ಆರು ಪಿನ್ನಿನ ಪೋರ್ಟಿನಲ್ಲಿ ಕರೆಂಟ್ ಹರಿಯುತ್ತದೆ, ತಿರುಗುಮುರುಗು ಚುಚ್ಚಿದರೆ ಕ್ಯಾಮೆರಾದ ಪೋರ್ಟು ಸುಟ್ಟೇ ಹೋಗುತ್ತದೆ.

ಅಪ್ಪನ ಹಾರ್ಡ್ ಡಿಸ್ಕಿನಲ್ಲಿ ಹಳೆಯ ಎವಿಐ ಕಡತಗಳು ಸಿಕ್ಕಿ, ಧ್ವನಿ ಬಂದು ಚಿತ್ರ ಬಾರದಿದ್ದರೆ ಗಾಬರಿ ಬೇಡ. ಕ್ಯಾನೋಪಸ್ ತನ್ನದೇ ಡಿವಿ ಕೋಡೆಕ್ (ಚಿತ್ರವನ್ನು ಕುಗ್ಗಿಸಿ ಬರೆಯುವ ವಿಧಾನ) ಬಳಸುತ್ತಿತ್ತು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಓದುತ್ತದೆ. ಒಂದೇ ಮದುವೆ ಹತ್ತೊಂಬತ್ತು ನಿಮಿಷಕ್ಕೊಂದು ತುಂಡಾಗಿದ್ದರೆ ಅದೂ ಅಪ್ಪನ ತಪ್ಪಲ್ಲ: ಫ್ಯಾಟ್ 32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಒಂದು ಕಡತ 4 ಜಿಬಿ ದಾಟುವಂತಿರಲಿಲ್ಲ.

ಆಮೇಲೆ ಸಿಸ್ಟಂ. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಬಿಚ್ಚಿ ಹಲ್ಲಿಯೋ ಇರುವೆಗೂಡೋ ಇದೆಯೇ ನೋಡಿ, ತಮಾಷೆಗೆ ಹೇಳುತ್ತಿಲ್ಲ. ಮದರ್‌ಬೋರ್ಡಿನಲ್ಲಿ ಪ್ರೊಸೆಸರಿನ ಸುತ್ತಲ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ನೋಡಿ. ಆ ಕಾಲದಲ್ಲಿ ಕೆಟ್ಟ ಎಲೆಕ್ಟ್ರೊಲೈಟ್ ತುಂಬಿದ ಕೆಪಾಸಿಟರ್‌ಗಳು ಜಗತ್ತಿನ ತುಂಬ ಹರಡಿದ್ದವು. ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿಯ ಲೋ ಇಎಸ್‌ಆರ್ (ಒಳರೋಧ ಕಡಿಮೆಯಿರುವುದು) ಎಂದು ಕೇಳಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ. ಮೊದಲ ಸಲ ಕರೆಂಟ್ ಕೊಡುವಾಗ ರಿಪೇರಿಯವರು ಬಳಸುವ, ಕರೆಂಟಿನ ದಾರಿಯಲ್ಲಿ ಬಲ್ಬು ಇರುವ ಸೀರೀಸ್ ಬೋರ್ಡ್ ಮೂಲಕ ಕೊಡಿ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸರಿ. ಝಗ್ಗೆಂದು ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ.

ಪ್ರಶ್ನೆ: ಗುಜರಿಯಲ್ಲಿ ಪ್ಯಾನಾಸೋನಿಕ್ ಎಂಎಕ್ಸ್ 50 ಮಿಕ್ಸರ್ ಇದೆ. ತೂಕಕ್ಕೆ ಕೊಡುತ್ತಾರಂತೆ. ಕೊಳ್ಳಲೇ?
– ದಾವಣಗೆರೆಯಿಂದ

ಉತ್ತರ: ಇನ್ನೂ ಕೊಂಡಿಲ್ಲವೇ! ಮೇಲೆ ಟೋಸ್ಟರ್ ಬಗ್ಗೆ ಹೇಳಿದ ತಾಳದ ತಾಪತ್ರಯ ಇದಕ್ಕಿಲ್ಲ. ಚಿತ್ರಗಳನ್ನು ಒಂದೇ ತಾಳಕ್ಕೆ ತರುವ ಫ್ರೇಮ್ ಸಿಂಕ್ರೊನೈಸರ್ ಒಳಗೇ ಇರುವುದರಿಂದ ಎರಡು ಸಾದಾ ವಿಸಿಆರ್ ನೇರ ಸಿಕ್ಕಿಸಿದರೂ ಸಾಕು. ಫೇಡರ್ (ಒಂದು ಚಿತ್ರದಿಂದ ಇನ್ನೊಂದಕ್ಕೆ ಜಾರಿಸುವ ಹಿಡಿ) ಎಳೆದಾಗ ಚಿತ್ರ ಜಿಗಿದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಇಪ್ಪತ್ತು ಸಲ ಆಡಿಸಿ. ತುಕ್ಕು ಬಿಡಿಸುವ ಎಣ್ಣೆ ಬೇಡ, ಅದು ಧೂಳು ಹಿಡಿಯುತ್ತದೆ. ಹಣ ಕೊಡುವ ಮುನ್ನ ಹಿಂದಿನ ಲೇಬಲ್ ಓದಿ. ಪಾಲ್ ಇದ್ದರೆ ಮನೆಗೆ ಒಯ್ಯಿರಿ, ಎನ್‌ಟಿಎಸ್‌ಸಿ ಇದ್ದರೆ ಮೈಸೂರಿಗೆ ಬರಲಿರುವ ಆ ಕ್ಯಾಲಿಫೋರ್ನಿಯಾದವರಿಗೆ ಬೇಕಾದೀತು.